ಸದ್ದು ತೆಗೆದ ಎಂಜಿನಿಯರರಿಗೆ, ಕಡೆಯದೇ ಉಳಿದ ಚಹಾದ ಪರವಾಗಿ

ವಿದ್ಯುತ್ ಬೈಕಿನಿಂದ ಸದ್ದನ್ನು ತೆಗೆದುಹಾಕಿದ ಮುಖ್ಯ ಎಂಜಿನಿಯರ್ ಸಾಹೇಬರಿಗೆ,
ಬೈಕ್ ಕಾರ್ಖಾನೆ, ಕೆಳಗಿನ ಬಯಲುಸೀಮೆ.

ಮಾನ್ಯರೇ,

ಚಾಂಗ್‌ಥಾಂಗ್‌ನ ಬೇಸಿಗೆಯ ಹುಲ್ಲುಗಾವಲಿನಿಂದ, ಯಾಕ್ ಕೂದಲಿನ ಈ ಕಪ್ಪು ಗುಡಾರದಿಂದ, ತಮಗೂ ತಮ್ಮ ಮನೆಯವರಿಗೂ ತಮ್ಮ ಕಾರ್ಖಾನೆಯ ಬಾಗಿಲು ಕಾಯುವವರಿಗೂ ಮೂರು ಬಾರಿ ಜುಲೆ ಎಂಬ ನಮ್ಮ ನಮಸ್ಕಾರ. ನನ್ನ ಯಜಮಾನರಾದ ಮೇಮೆ ತಾರ್ಚಿನ್, ಮೊಮ್ಮಗಳು ಪಾಲ್ಮೊ, ಮುನ್ನೂರ ಹನ್ನೊಂದು ಮೇಕೆಗಳು, ಹದಿನೆಂಟು ಯಾಕ್‌ಗಳು ಮತ್ತು ಈ ಬೇಸಿಗೆಯಲ್ಲಿ ಯಾಕೋ ಸ್ವಲ್ಪ ಹೆಚ್ಚೇ ದಪ್ಪಗಾಗಿರುವ ನಮ್ಮ ನಾಯಿ ಸಿಂಗೆ, ಎಲ್ಲರೂ ತಮ್ಮ ಕ್ಷೇಮ ವಿಚಾರಿಸಿದ್ದಾರೆ. ತಮ್ಮ ಹೆಸರು ನನಗೆ ತಿಳಿಯದು. ಕಂಪನಿಯ ಬಣ್ಣದ ಪುಸ್ತಿಕೆಯಲ್ಲಿ ಮಾಲೀಕರ ಮುಖವಿದೆ, ಬೈಕಿನ ಮೇಲೆ ಕೂತು ಹಲ್ಲು ಬಿಡುವ ಹುಡುಗಿಯ ಮುಖವಿದೆ, ಸದ್ದು ತೆಗೆದವರ ಮುಖ ಮಾತ್ರ ಎಲ್ಲಿಯೂ ಇಲ್ಲ. ಅಷ್ಟು ದೊಡ್ಡ ಕೆಲಸ ಮಾಡಿದವರು ಸದ್ದಿಲ್ಲದೆ ಇರುವುದೇ ಸರಿ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಈ ಪತ್ರವನ್ನು ಅಂಟಿಸದೆ ತೆರೆದೇ ಕಳಿಸುತ್ತಿರುವುದಕ್ಕೆ ಕ್ಷಮಿಸಬೇಕು. ನಮ್ಮ ಕಡೆಯಿಂದ ಹೊರಟ ಕಾಗದವನ್ನು ಲಾರಿ ಡ್ರೈವರ್ ಒಮ್ಮೆ, ಅಂಗಡಿಯವನು ಒಮ್ಮೆ, ಅಂಚೆಯವನು ಒಮ್ಮೆ ಓದಿದ ಮೇಲೆಯೇ ಅದು ಲೇಹ್ ಕಾಣುವುದು. ಅವರಿಗೆ ಲಕೋಟೆಯನ್ನು ಹಬೆಗೆ ಹಿಡಿಯುವ ಶ್ರಮ ಯಾಕೆ ಎಂದು ಬಹಿರಂಗ ಪತ್ರವನ್ನಾಗಿಯೇ ಬರೆದಿದ್ದೇನೆ. ನಾನು ವಸತಿಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದವಳು, ಎರಡನೇ ದರ್ಜೆಯಲ್ಲಿ ಪಾಸಾದವಳು. ಆದ್ದರಿಂದ ತಮ್ಮ ಪುಸ್ತಿಕೆಯನ್ನು ಚಿತ್ರ ನೋಡಿ ಮಡಚಿಡದೆ ಮೊದಲಿನಿಂದ ಕೊನೆಯವರೆಗೂ ಓದಿದ್ದೇನೆ.

ಅದರಲ್ಲಿ ತಮ್ಮ ಬೈಕನ್ನು ‘ರಸ್ತೆ ಬಿಟ್ಟು ಹೋಗುವವರಿಗಾಗಿ’ ಎಂದು ಬಣ್ಣಿಸಲಾಗಿದೆ. ಓದಿ ಬಹಳ ಹೊತ್ತು ಯೋಚಿಸಿದೆ. ನಾನು ಮದುವೆಯಾಗಿ ಈ ಹುಲ್ಲುಗಾವಲಿಗೆ ಬಂದ ವರ್ಷದಿಂದ ರಸ್ತೆ ಬರುತ್ತದೆ ಎಂದು ಕೇಳುತ್ತಿದ್ದೇನೆ, ಮೂರು ಸಲ ಸುಣ್ಣದ ಗೆರೆ ಎಳೆದು ಹೋದರು, ಮೂರು ಸಲವೂ ಯಾಕ್‌ಗಳು ಆ ಸುಣ್ಣ ನೆಕ್ಕಿದವು. ಬಿಡುವುದಕ್ಕೆ ಒಂದು ರಸ್ತೆ ಬೇಡವೇ ಸಾಹೇಬರೇ? ಮೊದಲು ಅದನ್ನು ಕೊಟ್ಟು ಆಮೇಲೆ ಬಿಡಿಸಿದ್ದರೆ ತಮ್ಮ ಬೈಕಿನ ಮಹಿಮೆ ನಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು. ಶಕ್ತಿಯ ವಿಷಯದಲ್ಲಿ ನನಗೆ ತಕರಾರಿಲ್ಲ. ಮರಳಿನ ದಿಬ್ಬ, ಕಲ್ಲಿನ ಹೊಳೆ, ಕಾಲಿಟ್ಟರೆ ಜಾರುವ ಇಳಿಜಾರು, ಎಲ್ಲದರ ಮೇಲೂ ಅದು ಕೆಟ್ಟ ಸುದ್ದಿಯ ಹಾಗೆ ಓಡುತ್ತದೆ. ಒಂದು ಸಲ ಹೊಟ್ಟೆ ತುಂಬಿಸಿದರೆ ಇನ್ನೂರು ಕಿಲೋಮೀಟರ್ ಹೋಗುತ್ತದೆ ಎಂದೂ ಬರೆದಿದ್ದೀರಿ. ಅದರ ಬಗ್ಗೆ ಮುಂದೆ ಬರೆಯುತ್ತೇನೆ, ಅದಕ್ಕೆ ಬೇರೆ ಪ್ಯಾರಾವೇ ಬೇಕು. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ‘ಕಾಡುಮೃಗಕ್ಕೂ ಗೊತ್ತಾಗದಷ್ಟು ಮೌನ’ ಎಂದಿದೆ. ನನ್ನ ದೂರು ಈ ಒಂದು ಸಾಲಿನದು.

ನಮ್ಮಲ್ಲಿ ಒಂದು ಪದ್ಧತಿಯಿದೆ, ತಮ್ಮ ಕಾರ್ಖಾನೆಯಲ್ಲಿ ಇರಲಾರದು. ಗುಡಾರಕ್ಕೆ ಬರುವವರು ದೂರದಲ್ಲೇ ನಿಂತು ‘ನಾಯಿ ಹಿಡ್ಕೊಳ್ಳಿ’ ಎಂದು ಕೂಗಬೇಕು, ಒಳಗಿನವರು ಹೊರಬಂದು ನಾಯಿ ಹಿಡಿಯಬೇಕು, ಆಮೇಲೆಯೇ ಬಂದವರು ಗುಡಾರದ ಹಗ್ಗ ದಾಟಬೇಕು. ನಾಯಿ ಇಲ್ಲದ ಮನೆಯ ಮುಂದೆಯೂ ಹೀಗೇ ಕೂಗುತ್ತಾರೆ, ಅದು ಮರ್ಯಾದೆ. ಆದರೆ ಆ ಕೂಗಿಗಿಂತ ಬಹಳ ಮೊದಲೇ ಘಟ್ಟದ ನೆತ್ತಿಯಲ್ಲಿ ಸದ್ದು ಕೇಳಿಸುತ್ತದೆ. ಹಿಂದೆ ಕುದುರೆಯ ಗಂಟೆ, ಆಮೇಲೆ ಜೀಪು, ಈಗ ಪೆಟ್ರೋಲಿನ ಬೈಕು. ನೆತ್ತಿಯಲ್ಲಿ ಸದ್ದು ಕೇಳಿದ ಕ್ಷಣ ನಾನು ಗುರ್‌ಗುರ್ ಎಂಬ ನಮ್ಮ ಮರದ ಕೊಳವೆಗೆ ಬಿಸಿ ಚಹಾ, ಉಪ್ಪು, ಬೆಣ್ಣೆ ಹಾಕಿ ಕಡೆಯಲು ನಿಲ್ಲುತ್ತೇನೆ. ಮುನ್ನೂರು ಸಲ ಕಡೆಯುವಷ್ಟರಲ್ಲಿ ಬಂದವರು ಹಗ್ಗದ ಹತ್ತಿರ ಇಳಿಯುತ್ತಾರೆ. ನಲವತ್ತೊಂದು ವರ್ಷದಲ್ಲಿ ನನ್ನ ಗುಡಾರಕ್ಕೆ ಬಂದ ಒಬ್ಬನೇ ಒಬ್ಬ ಅತಿಥಿಯೂ ಚಹಾಕ್ಕಾಗಿ ಕಾದದ್ದಿಲ್ಲ. ಚಾಂಗ್‌ಥಾಂಗ್‌ನಲ್ಲಿ ಯಾರನ್ನಾದರೂ ಕೇಳಿ, ‘ಕುಂಜೆಸ್ ಆಬಿ-ಲೆ ಮನೆಯಲ್ಲಿ ಚಹಾ ಮೊದಲು, ಜುಲೆ ಆಮೇಲೆ’ ಎನ್ನುತ್ತಾರೆ. ನನ್ನ ಹೆಸರಿನ ಜೊತೆಗಿರುವ ‘ಆಬಿ’ ಎಂಬ ಅಜ್ಜಿತನಕ್ಕೆ ವಯಸ್ಸು ಸಾಕು. ಅದರ ಮುಂದಿನ ಗೌರವದ ‘ಲೆ’ಯನ್ನು ಈ ಮುನ್ನೂರು ಕಡೆತದಿಂದಲೇ ಸಂಪಾದಿಸಿದ್ದೇನೆ.

ಇನ್ನು ನಡೆದದ್ದನ್ನು ತಿಳಿಸುತ್ತೇನೆ.

ನಮ್ಮಿಂದ ನಲವತ್ತೈದು ಕಿಲೋಮೀಟರ್ ದೂರದ ಹುಲ್ಲುಗಾವಲಿನಲ್ಲಿ ಗ್ಯಾಲ್ಸನ್ ಎಂಬವರ ಗುಡಾರವಿದೆ. ಅವರ ಅಕ್ಕನ ಮಗ ಚೋಸ್ಫೆಲ್ ಕಾಡುಕತ್ತೆ, ಹಿಮಚಿರತೆ ನೋಡಲು ಬರುವ ಪ್ರವಾಸಿಗರಿಗೆ ದಾರಿ ತೋರುವವನು. ಪ್ರಾಣಿ ಬೆದರದಿರಲಿ ಎಂದು ಸೋದರಮಾವ ಗ್ಯಾಲ್ಸನ್ ಈ ವಸಂತದಲ್ಲಿ ತಮ್ಮ ಕಾರ್ಖಾನೆಯ ಎರಡು ಬೈಕ್ ತಂದುಕೊಟ್ಟರು. ಚೋಸ್ಫೆಲ್‌ಗೆ ನಮ್ಮ ಪಾಲ್ಮೊಳನ್ನು ಕೇಳಲು ಅವರು ಬೇಸಿಗೆ ಮುಗಿಯುವುದರೊಳಗೆ ಬರುತ್ತಾರೆಂದು ಸುದ್ದಿಯಿತ್ತು. ನಾನು ಸಿದ್ಧವಾಗಿಯೇ ಇದ್ದೆ. ಹೊಸ ಬೆಣ್ಣೆ ತೆಗೆದಿಟ್ಟಿದ್ದೆ, ಕಂಬಳಿ ಒದರಿದ್ದೆ, ಕಿವಿಯೊಂದನ್ನು ಘಟ್ಟದ ಕಡೆಗೇ ಇಟ್ಟಿದ್ದೆ.

ಆ ದಿನ ಮಧ್ಯಾಹ್ನ ನಾನೂ ಮೇಮೆಯೂ ಗುಡಾರದೊಳಗೆ ಕೂತು ಆ ಮನೆಯವರ ವಿಷಯವನ್ನೇ ಆಡುತ್ತಿದ್ದೆವು. ಗಂಡಹೆಂಡಿರು ಒಳಗೆ ಆಡುವ ಮಾತು ಹೇಗಿರುತ್ತದೆ ಎಂಬುದು ತಾವೂ ಸಂಸಾರಸ್ಥರಾಗಿದ್ದರೆ ಗೊತ್ತಿರುತ್ತದೆ. ಸತ್ಯವನ್ನು ಮರೆಮಾಚದೆ ಬರೆಯುತ್ತೇನೆ. ‘ಅವರು ಬರೋದು ಗೊತ್ತಾಗದೇ ಇರುತ್ತಾ ಮೇಮೆ? ಆ ಗ್ಯಾಲ್ಸನ್ ಬಾಯಿ ಅವನ ಗಾಡಿಗಿಂತ ಮುಂಚೆ ಬರುತ್ತೆ’ ಎಂದೆ. ‘ಅವರ ಮನೆ ಚಹಾ ಕುಡಿದಿದ್ದೀನಿ ನಾನು. ಬೆಣ್ಣೆನ ಚಹಾದ ಪಕ್ಕ ಕೂರಿಸಿ ಪರಿಚಯ ಮಾಡಿಸ್ತಾರೆ ಅಷ್ಟೇ, ಒಳಗೆ ಹಾಕಲ್ಲ’ ಎಂದೆ. ಮೇಮೆ ಜಪಮಣಿ ಎಳೆಯುತ್ತ, ‘ಹುಡುಗ ಪರವಾಗಿಲ್ಲ ಕಣೆ’ ಎಂದರು. ‘ಯಾರು, ಚೋಸ್ಫೆಲ್ಲಾ? ಅವನ ಕಿವಿ ನೋಡಿದ್ದೀರಾ? ಜೋರು ಗಾಳಿ ಬಂದ್ರೆ ಅವನನ್ನ ಕಲ್ಲಿಗೆ ಕಟ್ಟಿಹಾಕಬೇಕು’ ಎಂದೆ. ಮೇಮೆ ಕೆಮ್ಮುವಷ್ಟು ನಕ್ಕರು. ನಗು ನಿಂತ ಮೇಲೆ ನಾನು ದನಿ ತಗ್ಗಿಸಿ, ‘ಆದ್ರೂ ಕೊಡೋದಾದ್ರೆ ಅವನಿಗೇ ಕೊಡ್ತೀನಿ. ಪಾಲ್ಮೊ ಮಾತಾಡೋವಾಗ ಅವನು ಬಾಯಿ ಮುಚ್ಚಿಕೊಂಡು ಕೇಳ್ತಾನೆ. ಮೂರನೇ ಬಟ್ಟಲಿಗೆ ಹೂಂ ಅಂತೀನಿ’ ಎಂದೆ.

ಆಗ ಹೊರಗಿನಿಂದ, ಮೂರು ಮಾರು ದೂರವೂ ಇಲ್ಲದ ಕಡೆಯಿಂದ, ಗ್ಯಾಲ್ಸನ್ ದನಿ ಬಂತು. ‘ಆಬಿ-ಲೆ, ನಾಯಿ ಹಿಡ್ಕೊಳ್ಳಿ.’

ಸಾಹೇಬರೇ, ಹಿಡಿಯುವುದಕ್ಕೆ ನಾಯಿ ಎದ್ದಿರಲೇ ಇಲ್ಲ. ಸಿಂಗೆ ಎಂದರೆ ಸಿಂಹ. ತೋಳಗಳು ಹೆಸರು ಕೇಳಿ ಬೇರೆ ಕಣಿವೆಗೆ ಹೋಗುವಂಥ ಆ ಸಿಂಹ ತಮ್ಮ ಬೈಕಿನ ಚಕ್ರದ ನೆರಳಿನಲ್ಲಿ ಅಂಗಾತ ಮಲಗಿತ್ತು. ಹಗ್ಗದ ಹತ್ತಿರವೇ ಎರಡು ಬೈಕು, ಮಾವ, ಅಳಿಯ, ಗ್ಯಾಲ್ಸನ್ ಅವರ ಅತ್ತಿಗೆ, ಕೈಯಲ್ಲಿ ಖತಗ್ ಎಂಬ ಬಿಳಿಯ ಶುಭವಸ್ತ್ರ ಸುತ್ತಿದ, ಛಾಂಗ್ ಎಂಬ ಬಾರ್ಲಿ ಮದ್ಯದ ಪಾತ್ರೆ. ಅವರು ಎಷ್ಟು ಹೊತ್ತಿನಿಂದ ನಿಂತಿದ್ದರು? ಹಿರಿಯರು ಮಾತಾಡುವಾಗ ನಡುವೆ ಕೂಗಬಾರದು ಎಂಬ ಮರ್ಯಾದೆಯಿಂದ ನಿಂತಿದ್ದರಂತೆ. ಬೆಣ್ಣೆಯ ಮಾತಿನಿಂದ ಕೇಳಿದರೋ, ಕಿವಿಯ ಮಾತಿನಿಂದಲೋ, ಕೊನೆಯ ಮಾತು ಕೇಳಿಸಿತೋ ಇಲ್ಲವೋ, ಅವರ ಮುಖದಿಂದ ಏನೂ ತಿಳಿಯಲಿಲ್ಲ. ಪೆಟ್ರೋಲಿನ ಬೈಕಾಗಿದ್ದರೆ ಇಷ್ಟು ಹೊತ್ತಿಗೆ ನಾನು ಸಂಭಾವಿತಳಾಗಿ, ಆ ಮನೆತನದ ಗುಣಗಾನ ಮಾಡುತ್ತ, ಚಹಾದ ಆವಿಯ ಹಿಂದೆ ನಗುತ್ತ ಕೂತಿರುತ್ತಿದ್ದೆ.

ಒಲೆಯ ಮೇಲೆ ನೀರೂ ಕಾದಿರಲಿಲ್ಲ. ನಾನು ಒಣ ಸಗಣಿ ಒಟ್ಟಿ ಊದತೊಡಗಿದೆ. ಅತಿಥಿಗಳು ಕೂತರು. ಯಾರ ಕೈಯಲ್ಲೂ ಚಹಾದ ಬಟ್ಟಲಿಲ್ಲ. ಈಗ ಬರುವುದೇ ಮುಖ್ಯ ಸಂಗತಿ, ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಮನೆತನದಲ್ಲಿ ಹೆಣ್ಣು ಕೇಳಲು ಬಂದವರು ಛಾಂಗ್ ತರುತ್ತಾರೆ. ಮೊದಲ ಸಲ ಅದನ್ನು ನಾವು ಮುಟ್ಟುವುದಿಲ್ಲ, ಎರಡನೇ ಸಲವೂ ಮುಟ್ಟುವುದಿಲ್ಲ, ಮೂರನೇ ಸಲ ಬಂದರೆ ಮನೆಯ ಹಿರಿಯ ಬಟ್ಟಲೆತ್ತುತ್ತಾನೆ, ಎತ್ತಿದರೆ ಹೆಣ್ಣು ಕೊಟ್ಟ ಹಾಗೆ. ಇಂಥ ಹೊತ್ತಿನಲ್ಲಿ ಹಿರಿಯನ ಕೈ ಸುಮ್ಮನಿರಬೇಕಾದರೆ ಅದರಲ್ಲಿ ಚಹಾದ ಬಟ್ಟಲಿರಬೇಕು, ಹಿಂದಿನವರು ಎಲ್ಲವನ್ನೂ ಯೋಚಿಸಿಯೇ ಮಾಡಿದ್ದಾರೆ. ನಾನು ಒಲೆ ಊದಿ, ಹೊಗೆ ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಗ್ಯಾಲ್ಸನ್ ಸುರಿದಿಟ್ಟ ಛಾಂಗ್ ಬಟ್ಟಲು ಖಾಲಿಯಾಗಿತ್ತು. ಅದರ ಅಂಚಿಗಿಟ್ಟ ಶುಭದ ಬೆಣ್ಣೆ ಮೇಮೆಯ ಮೀಸೆಯ ಮೇಲಿತ್ತು. ‘ಬಾಯಿ ಒಣಗಿತ್ತು ಕುಂಜೆಸ್’ ಎಂದರು ನನ್ನ ಯಜಮಾನರು. ಗ್ಯಾಲ್ಸನ್ ಆಗಲೇ ಎದ್ದು ನಮ್ಮ ಗುಡಾರದ ಕಂಬಕ್ಕೆ ಖತಗ್ ಕಟ್ಟುತ್ತಿದ್ದರು.

ನನಗೊಬ್ಬಳು ಅಕ್ಕನಿದ್ದಳು, ಯಂಗ್‌ಜೆಸ್. ಅವಳನ್ನು ಕೇಳಲು ಬಂದಾಗ ನಮ್ಮಪ್ಪ ಚಳಿಗೆ ನಡುಗುತ್ತಿದ್ದವರು ಮೊದಲ ಸಲವೇ ಬಟ್ಟಲೆತ್ತಿದರು. ಆ ಮನೆಯಲ್ಲಿ ಅವಳು ಮೂವತ್ತಾರು ವರ್ಷ ಬಾಳಿದಳು, ಆರು ಮಕ್ಕಳನ್ನು ಹೆತ್ತಳು, ಹಿಮದಲ್ಲಿ ಹೂತುಹೋದ ಅವರ ಮೇಕೆಗಳನ್ನು ಬರಿಗೈಯಲ್ಲಿ ಅಗೆದು ತೆಗೆದಳು. ಆದರೂ ಅತ್ತೆಗೆ ಸಿಟ್ಟು ಬಂದಾಗಲೆಲ್ಲ, ‘ಒಂದೇ ಬಟ್ಟಲಿಗೆ ಬಂದವಳು ನೀನು’ ಎಂಬ ಮಾತು ಕೇಳಿದಳು. ಅತ್ತೆ ಸತ್ತ ಮೇಲೆ ನಾದಿನಿ ಅದನ್ನು ಮುಂದುವರಿಸಿದಳು. ನನ್ನ ಪಾಲ್ಮೊಳ ತಲೆಯ ಮೇಲೆ ಆ ಮಾತು ಬೀಳಬಾರದು. ಇದು ಚಹಾದ ಪ್ರಶ್ನೆ ಎಂದು ತಮಗೆ ನಗು ಬಂದಿದ್ದರೆ ಈಗ ನಿಲ್ಲಿಸಬಹುದು.

ಆದ್ದರಿಂದ ನಾನು ಕಂಬದಿಂದ ಖತಗ್ ಬಿಚ್ಚಿ, ಮಡಚಿ, ಉಳಿದ ಛಾಂಗ್‌ನ ಜೊತೆಗೆ ಅವರ ಕೈಗೇ ಕೊಟ್ಟೆ. ‘ಮೇಮೆ ಕುಡಿದದ್ದು ಬಾಯಾರಿಕೆಗೆ, ಸಂಬಂಧಕ್ಕಲ್ಲ. ಮರ್ಯಾದೆಯಿಂದ ಬಂದರೆ ಮರ್ಯಾದೆಯಿಂದ ಇಲ್ಲ ಅಂತೀನಿ, ಹೋಗಿ ಬನ್ನಿ’ ಎಂದೆ. ಅವರು ಬೈಕ್ ಹತ್ತಿ ಹೋದರು. ಅದೂ ಸದ್ದಿಲ್ಲದೆ. ಸಿಟ್ಟಿನಿಂದ ಹೋದರೋ ನಗುತ್ತ ಹೋದರೋ ತಿಳಿಯಲಿಲ್ಲ, ಪೆಟ್ರೋಲಿನ ಬೈಕಾದರೆ ಅದನ್ನು ಒದೆಯುವ ರಭಸದಿಂದಲೇ ಗೊತ್ತಾಗುತ್ತಿತ್ತು.

ಪಾಲ್ಮೊ ಎದುರು ಬಂದು ನಿಂತು, ‘ಆಬಿ, ನಿಮ್ಮ ಚಹಾ ದೊಡ್ಡದೋ ನನ್ನ ಬಾಳು ದೊಡ್ಡದೋ?’ ಎಂದಳು. ‘ಎರಡೂ ಒಂದೇ ಒಲೆ ಮೇಲಿರೋದು, ಹೋಗಿ ಮೇಕೆ ಕರಿ’ ಎಂದೆ. ಒಂಬತ್ತು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಅವರು ಮತ್ತೆ ಬರದಿದ್ದರೆ ಎಂಬ ಭಯ ನನಗೂ ಇತ್ತು. ಬೆಣ್ಣೆಯ ಮಾತು, ಕಿವಿಯ ಮಾತು ಕೇಳಿಸಿ, ದನಿ ತಗ್ಗಿಸಿ ಆಡಿದ ಕೊನೆಯ ಮಾತು ಕೇಳಿಸದೇ ಇದ್ದಿದ್ದರೆ, ಆ ಮನೆಯವರು ಬರಬೇಕಾದ ಕಾರಣವೂ ಇರಲಿಲ್ಲ. ಒಂಬತ್ತು ದಿನವೂ ನಾನು ಘಟ್ಟದ ಕಡೆಗೆ ಕಿವಿಯಿಟ್ಟು ಕೂತೆ, ಸದ್ದು ಮಾಡದ ಗಾಡಿಗಾಗಿ ಕಿವಿಯಿಟ್ಟು ಕೂರುವುದು ಎಂಥ ಕೆಲಸವೆಂದು ತಮ್ಮ ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಸೇರಿಸಬಹುದು. ಸುಮ್ಮನೆ ಇರಲಾರದೆ ದಿನಕ್ಕೆ ಮೂರು ಸಲ ಚಹಾ ಕಡೆದೆ. ಮೇಮೆ ಕುಡಿದು ಕುಡಿದು, ‘ಇನ್ನು ಯಾರೂ ಬರದಿದ್ರೆ ನಾನೇ ಬೆಣ್ಣೆ ಆಗ್ತೀನಿ’ ಎಂದರು.

ಹತ್ತನೇ ದಿನ ಬೆಳಿಗ್ಗೆ ನೆತ್ತಿಯಲ್ಲಿ ಗಂಟೆ ಕೇಳಿಸಿತು. ಯಾಕ್‌ನ ಕೊರಳಿಗೆ ಕಟ್ಟುವ ದೊಡ್ಡ ಹಿತ್ತಾಳೆ ಗಂಟೆ, ಯಾವ ಯಾಕೂ ಓಡಲಾರದ ವೇಗದಲ್ಲಿ ಬಾರಿಸಿಕೊಂಡು ಇಳಿಯುತ್ತಿತ್ತು. ನಾನು ಎದ್ದು ಕಡೆಯಲು ನಿಂತೆ. ಇನ್ನೂರ ಎಂಬತ್ತಕ್ಕೆ ಅವರು ಹಗ್ಗದ ದೂರದಲ್ಲಿ ನಿಂತು ನಾಯಿ ಎಂದು ಕೂಗಿದರು, ಉಳಿದ ಇಪ್ಪತ್ತನ್ನು ಮುಗಿಸಿಯೇ ಹೊರಗೆ ಹೋದೆ. ತಮ್ಮ ಬೈಕಿನ ಮುಂಭಾಗಕ್ಕೆ ಆ ಗಂಟೆಯನ್ನು ತಂತಿಯಿಂದ ಬಿಗಿದಿದ್ದರು. ಚಹಾ ಅವರ ಕೈಗೆ ಬಿಸಿಯಾಗಿ ಹೋಯಿತು. ಗ್ಯಾಲ್ಸನ್ ಒಂದು ಗುಟುಕು ಕುಡಿದು, ‘ಆಬಿ-ಲೆ, ಬೆಣ್ಣೆ ಇದರೊಳಗೇ ಇದೆ’ ಎಂದರು. ನನ್ನ ಮುಖ ಒಲೆಗಿಂತ ಕೆಂಪಾಗಿರಬೇಕು. ಅವರು ಇನ್ನೊಂದು ಗುಟುಕು ಕುಡಿದು, ‘ಕೊನೇ ಮಾತೂ ಕೇಳಿಸಿತ್ತು ನಮಗೆ. ಅದು ಮುಗೀಲಿ ಅಂತಲೇ ನಿಂತಿದ್ವಿ’ ಎಂದರು. ಆಮೇಲೆ ಛಾಂಗ್ ಸುರಿದರು. ಮೇಮೆಯ ಎರಡೂ ಕೈಗೆ ಒಂದೊಂದು ಚಹಾದ ಬಟ್ಟಲು ಕೊಟ್ಟು ಕೂರಿಸಿದ್ದೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಇಲ್ಲ ಎಂದೆ. ಎಷ್ಟು ಚೆಂದದ ಇಲ್ಲ ಎಂದರೆ, ಅವರ ಅತ್ತಿಗೆಯೇ ತಲೆದೂಗಿದರು. ಹದಿನೈದು ದಿನ ಬಿಟ್ಟು ಎರಡನೇ ಸಲ ಬಂದರು, ಎರಡನೇ ಇಲ್ಲವನ್ನೂ ಪಡೆದುಕೊಂಡು ಹೋದರು. ಮೂರನೆಯದು ಬರುವ ಹುಣ್ಣಿಮೆಗೆ.

ಇಷ್ಟರಲ್ಲೇ ಪತ್ರ ಮುಗಿಸುತ್ತಿದ್ದೆ. ಆದರೆ ಇನ್ನೂರು ಕಿಲೋಮೀಟರಿನ ಮಾತು ಬಾಕಿಯಿದೆ.

ವಸಂತದಿಂದ ನಮ್ಮ ಸೋಲಾರ್ ಬ್ಯಾಟರಿ ಸೊರಗಿತ್ತು. ಬಿಸಿಲಿಗೇನೂ ಕೊರತೆಯಿಲ್ಲ, ಆದರೂ ಸಂಜೆ ವಾರ್ತೆ ಅರ್ಧಕ್ಕೇ ರೇಡಿಯೋ ನಿಲ್ಲುತ್ತಿತ್ತು, ದೀಪ ಬೆಣ್ಣೆದೀಪಕ್ಕಿಂತ ಮಂಕು. ನಾನು ಮೋಡಕ್ಕೆ ಬೈದೆ, ತಂತಿಗೆ ಬೈದೆ, ಕೊಟ್ಟ ಅಂಗಡಿಯವನಿಗೆ ಮೂರು ಕಾಗದ ಬರೆದು ಬೈದೆ. ಅವನಲ್ಲಿ ಈ ಪತ್ರದ ಮೂಲಕವೇ ಕ್ಷಮೆ ಕೇಳುತ್ತೇನೆ. ಗಂಟೆ ಕಟ್ಟಿಕೊಂಡು ಬಂದ ದಿನ ಗ್ಯಾಲ್ಸನ್, ‘ಘಟ್ಟ ಹತ್ತೋಕೆ ಸ್ವಲ್ಪ ಚಾರ್ಜ್ ಬೇಕಿತ್ತು ಆಬಿ-ಲೆ’ ಎಂದರು. ನಾನು ಎಲ್ಲಿ ಎಂದು ತೋರಿಸಲು ಏಳುವಷ್ಟರಲ್ಲಿ ಚೋಸ್ಫೆಲ್ ಗುಡಾರದ ಹಿಂದಕ್ಕೆ ಹೋಗಿದ್ದ. ನಮ್ಮ ಬ್ಯಾಟರಿಯ ಪೆಟ್ಟಿಗೆ ಹರಕು ಕಂಬಳಿಯ ಕೆಳಗೆ, ಉಪ್ಪಿನ ಚೀಲಗಳ ಹಿಂದೆ, ಹುಡುಕಿದರೂ ಸಿಗದಂತೆ ಇದೆ. ಹುಡುಗ ಹುಡುಕಲಿಲ್ಲ. ಕಣ್ಣು ಮುಚ್ಚಿಕೊಂಡವನ ಹಾಗೆ ಕಂಬಳಿ ಸರಿಸಿ, ಸಡಿಲವಾದ ತಂತಿಯನ್ನು ಸಡಿಲವೆಂದು ಗೊತ್ತಿದ್ದವನ ಹಾಗೆ ಒತ್ತಿ ಹಿಡಿದು ಸಿಕ್ಕಿಸಿದ. ಸಿಂಗೆ ಅವನ ಜೇಬಿಗೆ ಮೂತಿ ಹಾಕಿ ಒಣಮಾಂಸದ ತುಂಡು ತೆಗೆದುಕೊಂಡಿತು, ಅದೂ ಹುಡುಕಲಿಲ್ಲ. ಪಾಲ್ಮೊ ಆಕಾಶದಲ್ಲಿ ಏನೋ ನೋಡುತ್ತಿದ್ದಳು.

ಅಂದರೆ, ಮಾನ್ಯರೇ, ನಾನು ಈಚೆ ಕಡೆ ಮುನ್ನೂರು ಸಲ ಕಡೆಯುತ್ತಿದ್ದಾಗ ಆಚೆ ಕಡೆ ವಸಂತದಿಂದಲೂ ತಮ್ಮ ಮೌನ ಬಂದು ಹೋಗುತ್ತಿತ್ತು. ಪುಸ್ತಿಕೆಯ ಇನ್ನೂರು ಕಿಲೋಮೀಟರ್ ನಮ್ಮ ಘಟ್ಟ, ನಮ್ಮ ಮರಳು ಹತ್ತಿ ಇಳಿಯುವಾಗ ಎಂಬತ್ತೂ ಆಗುವುದಿಲ್ಲವಂತೆ. ಹಿಂದಿರುಗಲು ಬೇಕಾದ ಉಳಿಕೆಯನ್ನು ನನ್ನ ರೇಡಿಯೋ ಕೊಟ್ಟಿದೆ. ನನ್ನ ಮೊಮ್ಮಗಳನ್ನು ಕದ್ದೊಯ್ಯುವ ಗಾಡಿಗೆ ನನ್ನದೇ ಬಿಸಿಲನ್ನು ಕುಡಿಸಿದ ಹಾಗಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ಒಂದೋ ಇನ್ನೂರನ್ನು ನಿಜ ಮಾಡಿ, ನನ್ನ ವಾರ್ತೆ ಪೂರ್ತಿ ಕೇಳುವಂತಾಗಲಿ. ಇಲ್ಲವೇ ಮದುವೆಯಾಗದ ಹುಡುಗರಿಗೆ ಮಾರುವ ಬೈಕನ್ನು ನಲವತ್ತನಾಲ್ಕಕ್ಕೇ ನಿಲ್ಲಿಸಿ, ಕೊನೆಯ ಒಂದು ಕಿಲೋಮೀಟರ್ ಅವನು ಎದುರಿನಿಂದ ನಡೆದೇ ಬರಲಿ. ತೆಗೆದ ಸದ್ದನ್ನು ತಾವು ಎಲ್ಲಿ ಇಟ್ಟಿದ್ದೀರೋ ಅಲ್ಲಿಂದ ಹುಡುಕಿ ವಾಪಸ್ ಕಳಿಸಿ. ಬರುವವರು ಬೀಗರೋ ಪ್ರವಾಸಿಗರೋ ಸುಣ್ಣದ ಗೆರೆ ಎಳೆಯುವ ಅಧಿಕಾರಿಗಳೋ ಎಂದು ನೆತ್ತಿಯಲ್ಲೇ ತಿಳಿಯುವಂತೆ ಮೂರು ಬಗೆಯ ಸದ್ದಿದ್ದರೆ ಇನ್ನೂ ಒಳ್ಳೆಯದು, ಬೆಣ್ಣೆ ಎಷ್ಟು ಹಾಕಬೇಕೆಂದು ನನಗೆ ಸುಲಭವಾಗುತ್ತದೆ. ಜೊತೆಗೆ, ಮೇಮೆ ತಾರ್ಚಿನ್ ಆ ದಿನ ಎತ್ತಿದ ಬಟ್ಟಲು ಕಂಪನಿಯ ದೋಷದಿಂದಾದ ಬಾಯಾರಿಕೆ, ಅದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ ಎಂದು ಮೊಹರು ಹಾಕಿದ ಕಾಗದವೊಂದನ್ನು ಕಳಿಸಿಕೊಡಬೇಕು. ಪಾಲ್ಮೊಳ ಪೆಟ್ಟಿಗೆಯಲ್ಲಿ ಅದನ್ನು ಬಟ್ಟೆಗಳ ಕೆಳಗೆ ಇಟ್ಟು ಕಳಿಸುತ್ತೇನೆ. ಆ ಮನೆಯಲ್ಲಿ ಯಾರಿಗೆ ಯಾವಾಗ ಸಿಟ್ಟು ಬರುತ್ತದೆಂದು ಹೇಳಲಾಗದು.

ಬರುವ ಹುಣ್ಣಿಮೆಗೆ ಈ ಕಡೆ ಬಂದರೆ ಊಟಕ್ಕೆ ಇರಿ. ದೂರದಲ್ಲೇ ನಿಂತು ಕೂಗಿ. ಚಹಾ ಸಿದ್ಧವಿರುತ್ತದೆ.

ಇನ್ನೂ ಎರಡು ಕಿವಿಗಳೂ ಸರಿಯಾಗಿರುವ,
ತಮ್ಮ ವಿಶ್ವಾಸಿ,
ಕುಂಜೆಸ್ ಲಾಮೊ
(ಹತ್ತನೇ ತರಗತಿ, ಎರಡನೇ ದರ್ಜೆ)

ಮರೆತ ಮಾತು: ಪತ್ರ ಮಡಚುವ ಹೊತ್ತಿಗೆ ಸಿಂಗೆ ಬಾಲ ಅಲ್ಲಾಡಿಸುತ್ತ ಗುಡಾರದ ಹಿಂದಕ್ಕೆ ಹೋಯಿತು, ಹಿಂದೆಯೇ ಹೋಗಿ ನೋಡಿದೆ. ದೊಡ್ಡಿಯ ಗೋಡೆಗೆ ತಮ್ಮ ಬೈಕ್ ಒರಗಿತ್ತು, ಗಂಟೆಯೂ ಅದರ ಮೇಲೇ ಇತ್ತು. ನೆತ್ತಿಯಲ್ಲಿ ಯಾಕೆ ಕೇಳಿಸಲಿಲ್ಲ ಎಂದು ಬಗ್ಗಿ ನೋಡಿದರೆ ಗಂಟೆಯ ನಾಲಗೆಗೆ ಉಣ್ಣೆ ಸುತ್ತಿತ್ತು. ಬಿಳಿಯ, ಮೆತ್ತಗಿನ, ಒಂದು ಹಿಡಿ ಪಶ್ಮೀನಾ. ನನ್ನ ಮೇಕೆಯ ಕೂದಲನ್ನು ನಾನು ಬೆರಳಲ್ಲೇ ಗುರುತಿಸುತ್ತೇನೆ, ಅದನ್ನು ಸುತ್ತಿದ ಗಂಟಿನ ಬಗೆಯನ್ನೂ ನಾನೇ ಕಲಿಸಿದವಳು. ತಾವು ದೊಡ್ಡ ಕಾರ್ಖಾನೆಯಿಟ್ಟು ಮಾಡಿದ ಕೆಲಸವನ್ನು ನಮ್ಮ ಹುಡುಗಿ ಒಂದು ಹಿಡಿ ಉಣ್ಣೆಯಲ್ಲಿ ಮುಗಿಸಿದ್ದಾಳೆ. ತಮ್ಮ ಹುದ್ದೆ ಯಾವಾಗ ಖಾಲಿಯಾಗುತ್ತದೆಂದು ತಿಳಿಸಿ, ಆದರೆ ಅವಳನ್ನು ಕೇಳಲು ಬರುವಾಗ ಪದ್ಧತಿ ನೆನಪಿರಲಿ, ಮೊದಲ ಎರಡು ಸಲ ನಾನು ಇಲ್ಲವೆನ್ನುತ್ತೇನೆ. ಉಣ್ಣೆಯನ್ನು ನಾನು ಬಿಚ್ಚಲಿಲ್ಲ. ಹುಣ್ಣಿಮೆಗೆ ಇನ್ನು ಐದೇ ದಿನ ಉಳಿದಿದೆ, ನನಗೂ ಒಂದು ಸಲ ಏನೂ ಕೇಳಿಸದಿದ್ದರೆ ಆಗುವುದಾದರೂ ಏನು.